ಹುಣಸೆಮರದ ಸರ್ಕಾರ

ಆಗೆಲ್ಲ ನಮ್ಮ ಇರಕಲ್ಲಗಡದಲ್ಲಿ ನಾಲ್ಕು ಜನ ಸೇರಿದರೆ ಒಂದೇ ಮಾತು: ನಾವು ಯಾವ ಸರ್ಕಾರದವರು? ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದ್ದರೂ ನಾವಿನ್ನೂ ನಿಜಾಮನ ಕೆಳಗೇ ಇದ್ದೆವು. ಕೆಲವು ಹಳ್ಳಿಯವರು ಚಾವಡಿ ಮೇಲೆ ಬಾವುಟ ಕಟ್ಟಿ 'ನಾವು ಸ್ವತಂತ್ರ' ಎಂದು ಸಾರಿಬಿಟ್ಟಿದ್ದರು. ದೊಡ್ಡವರು ಮಾಡಿದ್ದನ್ನು ಮಕ್ಕಳು ಬಿಟ್ಟಾರೆಯೆ? ಒಂಬತ್ತು ವರ್ಷದ ನಾನು ಮತ್ತು ಹತ್ತಿ ಹಿಂಜುವ ಪಿಂಜಾರ ಹುಸೇನಸಾಬನ ಮಗಳು ಮಾಬೂಬಿ ಸೇರಿ ಊರಾಚೆಯ ಹುಣಸೆಮರವನ್ನೂ ಅದರ ಬುಡದ ಬಂಡೆಯನ್ನೂ ನಮ್ಮ ರಾಜ್ಯವೆಂದು ಸಾರಿದೆವು. ನಾನು ರಾಣಿ, ಅವಳು ಗಡಿ ಕಾಯುವ ನಾಕೇದಾರಳು. ಒಳಗೆ ಬರುವವರು ಅವಳಿಗೆ ಹಸಿರು ಬಳೆಚೂರು ತೋರಿಸಬೇಕು. ಎಳೆ ಹುಣಸೆಕಾಯಿಗೆ ಉಪ್ಪು, ಹಸಿಮೆಣಸಿನಕಾಯಿ ಹಾಕಿ ಬಂಡೆಯ ಮೇಲೇ ಕುಟ್ಟಿ ನೆಕ್ಕುತ್ತಿದ್ದೆವು. ನಮ್ಮ ಕಾಯ್ದೆ ಒಂದೇ: ಬಳೆಚೂರು ಇದ್ದವರನ್ನು ಅಲ್ಲಿ ಯಾರೂ ಮುಟ್ಟುವಂತಿಲ್ಲ.

ಮಿಲಿಟರಿ ಬಂತು, ನಿಜಾಮನ ಆಳಿಕೆ ಮುಗಿಯಿತು. ಮನೆಮನೆಗೂ ಬಾವುಟ. ನಾನೂ ಅವ್ವನ ಕೆಂಪು ಸೀರೆಯ ತುಂಡನ್ನು ಹುಣಸೆಯ ತುದಿಗೆ ಕಟ್ಟಿ ಬಂದೆ. ಮರುದಿನವೇ ಹೊರಗಿನ ಗುಂಪೊಂದು ನಿಜಾಮನ ಕಡೆಯವರ ಹಾವಳಿಗೆ ಸೇಡು ತೀರಿಸಲು ಸಾಬರ ಗಂಡಸರನ್ನು ಹುಡುಕುತ್ತಿದೆಯೆಂದು ಸುದ್ದಿ ಬಂತು. ನಮ್ಮ ಹುಸೇನ್ ಕಾಕಾ, ಆ ಬಡವ ಯಾರಿಗೇನು ಮಾಡಿದ್ದ? ಊರವರ ಗಾದಿಗೆ ಹತ್ತಿ ಹಿಂಜಿಕೊಟ್ಟಿದ್ದ, ಅಷ್ಟೆ.

ನಮ್ಮ ಹಿತ್ತಲಲ್ಲಿ ಜೋಳ ತುಂಬುವ ನೆಲದೊಳಗಿನ ಹಗೇವು ಆಗ ಖಾಲಿಯಿತ್ತು. ಅಪ್ಪ ಅದರ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು ನನ್ನನ್ನು ಕರೆದ.

"ಗಂಗೀ, ಓಡು. ಹುಸೇನಗ ಹೇಳು, ನಮ್ಮ ಹಗೇವಿನ್ಯಾಗ ಬಂದು ಇಳೀಲಿ. ನಾ ಅದೀನಿ ಅನ್ನು."

ಓಡಿದೆ. ಮಾಬೂಬಿ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. ರಾಣಿಯ ಸೊಕ್ಕು ನೋಡಿ ನನ್ನದು! ಅಪ್ಪ ಹೇಳಿದ್ದನ್ನು ನುಂಗಿಬಿಟ್ಟೆ.

"ಅಳಬ್ಯಾಡ ಸುಮ್ನಿರು. ಕಾಕಾ ನಮ್ಮ ರಾಜ್ಯಕ್ಕ ಬರಲಿ. ಕಲ್ಲಿನ ಕೆಳಗ ಜಾಗ ಐತಿ. ಅಲ್ಲಿ ಯಾರೂ ಮುಟ್ಟಂಗಿಲ್ಲ."

ಹುಸೇನ್ ಕಾಕಾ ನನ್ನ ಮುಖ ನೋಡಿದ. "ನಿಮ್ಮಪ್ಪ ಏನಂದ್ರವ್ವಾ?"

"ನಮ್ಮಪ್ಪನೇ ಹೇಳ್ಯಾನ ಕಾಕಾ."

"ಅಣ್ಣಾರು ಹೇಳಿದ್ರ ಮುಗೀತು ಬಿಡು," ಎಂದು ಎದ್ದ. ಮಾಬೂಬಿ ತನ್ನ ಬಳೆಚೂರನ್ನು ಅವನ ಅಂಗಿಯ ಕಿಸೆಗೆ ಹಾಕಿದಳು.

ಆ ಗುಂಪಿಗೆ ದೂರದಿಂದಲೇ ಮರದ ತುದಿಯ ಕೆಂಪು ಬಟ್ಟೆ ಕಂಡಿತಂತೆ. "ಅದ್ಯಾರ ಬಾವುಟಲೇ?" ಎನ್ನುತ್ತ ನೋಡಲು ಹೋದರಂತೆ. ಇಲ್ಲದಿದ್ದರೆ ಆ ಕಡೆ ನಾಯಿಯೂ ಸುಳಿಯುತ್ತಿರಲಿಲ್ಲ. ಸಂಜೆ ಕಾಕಾನ ಹೆಣವನ್ನು ಕಂಬಳಿಯಲ್ಲಿ ಹೊತ್ತು ತಂದರು.

ವಾರದ ಮೇಲೆ ತಾಯಿ ಮಗಳು ಗಂಗಾವತಿಯ ಸೋದರಮಾವನ ಮನೆಗೆ ಹೊರಟರು. ಮಾಬೂಬಿ ಕಾಕಾನ ಕಿಸೆಯಲ್ಲಿ ಸಿಕ್ಕಿದ್ದ ಆ ಬಳೆಚೂರನ್ನು ನನ್ನ ಅಂಗೈಯಲ್ಲಿಟ್ಟು, "ನಿಂದು, ತಗೋ" ಎಂದಳು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಹುಣಸೆಮರ ಈಗಿಲ್ಲ, ಬಂಡೆಯನ್ನು ಒಡೆದು ರಸ್ತೆಗೆ ಹಾಕಿದರು. ಹೋಗಲಿ, ಹಾಳಾಗಲಿ. ಅಪ್ಪ ಮಾತ್ರ ಸಾಯುವತನಕ ಹಗೇವಿನ ಮಾತು ಬಂದಾಗೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಹುಸೇನಗ ನನ್ನ ಮ್ಯಾಲ ನಂಬಿಗಿ ಬರಲಿಲ್ಲ ನೋಡವ್ವಾ. ಕರದ್ರೂ ಬರಲಿಲ್ಲ."

ಪಕ್ಕದಲ್ಲೇ ಕುಳಿತು ನಾನು ಹೂಂ ಎನ್ನುತ್ತಿದ್ದೆ.