ಹತ್ತು ಗಂಟೆ ಏಳು ನಿಮಿಷಕ್ಕೆ ಬರಬೇಕಿದ್ದ ಉತ್ತರ

ಪಕ್ಕದ ಮನೆಯ ಹುಡುಗಿ ಬಿ.ಎಡ್.ಗೆ ಸೇರಿದ್ದಾಳೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ಕಿಟಕಿಯಿಂದ ಬಂದ ವಾಸನೆ ಹೇಳಿತು. ಬಿಸಿ ಮಾಡಿದ ಚಾಕುವಿನಲ್ಲಿ ಥರ್ಮಾಕೋಲ್ ಕೊಯ್ಯುವಾಗ ಒಂದು ಸುಟ್ಟ ವಾಸನೆ ಬರುತ್ತದಲ್ಲ, ಮೂಗಿಗೆ ಅಂಟಿಕೊಂಡರೆ ಸಂಜೆಯವರೆಗೂ ಬಿಡುವುದಿಲ್ಲ, ಅದು. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಪಾಠದ ಮಾದರಿ ಮಾಡಲು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಯಾರೂ ಥರ್ಮಾಕೋಲ್ ಕೊಯ್ಯುವುದಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಬೇರೆಯವರಿಗೆ ವಾಸನೆಯಿಂದ ಅಜ್ಜಿಯ ಕೈಯಡುಗೆ ನೆನಪಾಗುತ್ತದಂತೆ. ನನಗೆ ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸುವ ಬಿ.ಎಡ್. ಪಾಠ ಪರೀಕ್ಷೆ ನೆನಪಾಗುತ್ತದೆ. ನನ್ನ ಹಣೆಬರಹ.

ನಾನು ಹಾಸನದಲ್ಲಿ ಬಿ.ಎಡ್. ಮಾಡಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ಬಿ.ಎಸ್ಸಿ. ಸರ್ಟಿಫಿಕೇಟು ಅಷ್ಟು ವರ್ಷ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿತ್ತು. ಮಗಳು ಎಂಟನೇ ಕ್ಲಾಸು. ಅವಳ ಗಣಿತದ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗೆಲ್ಲ ನಾನು ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ನಾನು ಕಾಲೇಜಿಗೆ ಸೇರಿದ ದಿನವೇ ಅವಳು, "ಅಮ್ಮಾ, ನೀನ್ ಫೇಲಾದ್ರೆ ನಿನ್ ಮಾರ್ಕ್ಸ್ ಕಾರ್ಡ್‌ಗೆ ನಾನ್ ಸೈನ್ ಹಾಕ್ತೀನಿ" ಅಂದಳು. ತಮಾಷೆಗೆ ಅಂದಿದ್ದಲ್ಲ, ಪೆನ್ನು ರೆಡಿ ಇತ್ತು. ಅದೂ ಅಲ್ಲದೆ ನಮ್ಮೂರಿನ ಒಂದು ಶಾಲೆಯವರು "ಪಾಸಾಗಿ ಬನ್ನಿ ಮೇಡಂ, ಜೂನ್‌ವರೆಗೆ ಆ ಪೋಸ್ಟು ನಿಮಗೇ ಇಟ್ಟಿರ್ತೀವಿ" ಅಂದಿದ್ದರು. ಫೇಲಾದರೆ ಕೆಲಸವೂ ಹೋಯಿತು, ಮನೆಯಲ್ಲಿ ಮಾತಾಡುವ ಅಧಿಕಾರವೂ ಹೋಯಿತು.

ಪಾಠ ಯೋಜನೆ ಅಂದರೆ ಏನು ಅಂತ ಗೊತ್ತಿಲ್ಲದ ಪುಣ್ಯವಂತರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಪಿರಿಯಡ್ ಪಾಠ ಮಾಡಲು ನಾಲ್ಕು ಪುಟ ಬರೆಯಬೇಕು. ಅಡ್ಡ ಹಾಳೆ, ಆರು ಕಾಲಂ. ಒಂದರಲ್ಲಿ ಸಮಯ, ಒಂದರಲ್ಲಿ ಶಿಕ್ಷಕಿ ಕೇಳುವ ಪ್ರಶ್ನೆ, ಅದರ ಪಕ್ಕದಲ್ಲಿ 'ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ'. ನಾಟಕ ಬರೆದ ಹಾಗೆ ನನ್ನ ಮಾತೂ ನಾನೇ ಬರೆಯಬೇಕು, ಮಕ್ಕಳ ಮಾತೂ ನಾನೇ ಬರೆಯಬೇಕು. ಆದರೆ ತಾವು ನಾಟಕದಲ್ಲಿ ಇದ್ದೇವೆ ಅಂತ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಪೀಕಲಾಟ ಪೀಠಿಕೆ. ಇವತ್ತಿನ ಪಾಠ ಯಾವುದು ಅಂತ ಶಿಕ್ಷಕಿ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಪ್ರಶ್ನೆ ಕೇಳಿ ಕೇಳಿ ಆ ಪದವನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು. ಹೊರಟ ಮೇಲೆ, ನಮಗೂ ಈಗ ತಾನೇ ಹೊಳೆಯಿತು ಅನ್ನುವ ಹಾಗೆ ಮುಖ ಅರಳಿಸಿ, "ಸರಿಯಾಗಿ ಹೇಳಿದಿರಿ, ಇವತ್ತು ಅದನ್ನೇ ಕಲಿಯೋಣ" ಅನ್ನಬೇಕು. ನನ್ನ ಗೆಳತಿಯೊಬ್ಬಳು ಸಾಲಗಾಮೆ ಕಡೆಯ ಶಾಲೆಯಲ್ಲಿ 'ಮಣ್ಣು' ಪಾಠಕ್ಕೆ, "ರೈತ ಯಾವುದನ್ನು ನಂಬಿ ಬದುಕುತ್ತಾನೆ?" ಅಂತ ಕೇಳಿದಳು. ಇಡೀ ಕ್ಲಾಸು "ಬೋರ್‌ವೆಲ್ಲು ಮಿಸ್" ಅಂದಿತು. ಪಾಪ, ಹನ್ನೆರಡು ನಿಮಿಷ ಮಣ್ಣಿಗಾಗಿ ಅಲೆದಳು. ಮೋಟರು, ಕೇಬಲ್ಲು, ಟ್ರಾನ್ಸ್‌ಫಾರ್ಮರ್ ಎಲ್ಲ ಬಂದವು. ಮಣ್ಣು ಬರಲಿಲ್ಲ.

ಪಾಠ ಮಾಡಿ ಕಲಿಯಲು ಕಾಲೇಜಿನವರು ನನ್ನನ್ನು ಹಾಕಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹೈಸ್ಕೂಲಿಗೆ. ಊರಿನ ಹೆಸರು ಬೇಡ ಬಿಡಿ, ಕೊಣನೂರಿನ ಬಸ್ಸು ಅಲ್ಲಿ ನಿಲ್ಲುತ್ತಿತ್ತು ಅಂದರೆ ಸಾಕು. ಮೊದಲ ವಾರ ನಾನೂ ಥರ್ಮಾಕೋಲಿನಲ್ಲಿ ಜಲಚಕ್ರ ಮಾಡಿ ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಹೊರಟೆ. ಹೊಳೆನರಸೀಪುರದಲ್ಲಿ ಇಳಿದು ಒಂದು ಬಾಟಲಿ ನೀರು ತರುವಷ್ಟರಲ್ಲಿ ಅಜ್ಜಿಯೊಬ್ಬಳು ಮೋಡದ ಮೇಲೆ ಕೂತಾಗಿತ್ತು.

"ಅಜ್ಜೀ, ಏಳಜ್ಜಿ, ಅದು ಮೋಡ!"

"ಯಾವ ಮೋಡನವ್ವಾ? ದಿಂಬು ಅಂತ ಕುಂತ್ಕಂಡೆ. ಒಳ್ಳೆ ಮೆತ್ಗೈತೆ ಕಣವ್ವ."

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಎಲ್ಲ ಪೆನ್‌ಡ್ರೈವಿನಲ್ಲಿ. ಅದರ ಮೇಲೆ ಯಾರೂ ಕೂರಲಾರರು. ಪಾಠ ಪರೀಕ್ಷೆಯಲ್ಲಿ ತಂತ್ರಜ್ಞಾನ ಬಳಸಿದರೆ ಬೇರೆ ಅಂಕವೂ ಇತ್ತು. ಮಗಳನ್ನು ಕೂರಿಸಿಕೊಂಡು, ನೀರು ಆವಿಯಾಗುವುದರ ಬಗ್ಗೆ ಮೂವತ್ತೈದು ನಿಮಿಷದ ಪಾಠಕ್ಕೆ ಇಪ್ಪತ್ತಾರು ಸ್ಲೈಡು ಮಾಡಿದೆ. ಅಕ್ಷರಗಳು ಗಿರಗಿರ ತಿರುಗಿಕೊಂಡು ಬರುತ್ತಿದ್ದವು. ಕೊನೆಯ ಸ್ಲೈಡಿನಲ್ಲಿ 'ಧನ್ಯವಾದಗಳು', ಹಿಂದೆ ಚಪ್ಪಾಳೆಯ ಸದ್ದು. ಚಪ್ಪಾಳೆ ಬೇಕೇಬೇಕು ಅಂತ ಹಟ ಮಾಡಿದ್ದು ನಾನೇ.

ಆ ಶಾಲೆಯಲ್ಲಿ ನನಗೆ ಮಾರ್ಗದರ್ಶಕರು ವಿಜ್ಞಾನದ ರುದ್ರಪ್ಪ ಮೇಷ್ಟ್ರು. ರಿಟೈರಾಗಲು ಒಂದು ವರ್ಷ ಬಾಕಿ. ಹಣೆಯಲ್ಲಿ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಸದಾ ಒಂದು ತುಂಡು ಬಳಪ. ಅವರ ಪಾಠ ಯೋಜನೆ ಬಸ್ ಟಿಕೆಟ್ಟಿನ ಹಿಂಭಾಗದಲ್ಲಿ ಮೂರು ಪದದಲ್ಲಿ ಮುಗಿಯುತ್ತಿತ್ತು. ನನ್ನ ನಾಲ್ಕು ಪುಟ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನಮ್ಮಾ ಇದು? ಅತ್ತು ಗಂಟೆ ಏಳು ನಿಮ್ಸುಕ್ಕೆ ಮಕ್ಳು 'ಆವಿಯಾಯಿತು' ಅಂತಾರೆ ಅಂತ ಬರ್ದಿದ್ದೀಯಲ್ಲ, ಮೂರ್ತ ಇಟ್ಟಿದ್ದೀಯಾ?"

"ಹಾಗೇ ಬರೀಬೇಕು ಸಾರ್."

"ಅಷ್ಟೊತ್ತಿಗೆ ಅನ್ನದಿದ್ರೆ? ಇನ್ನೊಂದ್ ಮೂರ್ತಕ್ಕೆ ಕಾಯ್ತೀಯಾ?"

ಶಾಲೆಗೆ ಯಾರೋ ದಾನಿಗಳು ಕೊಟ್ಟ ಒಂದು ಸ್ಮಾರ್ಟ್ ಬೋರ್ಡಿತ್ತು. ಬೆರಳಲ್ಲಿ ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಕರೀ ಗಾಜಿನ ಟೀವಿ ಅಂದುಕೊಳ್ಳಿ. ಅದಕ್ಕೆ ಒಂದು ಹಳೇ ಬೆಡ್‌ಶೀಟ್ ಹೊದಿಸಿ, ರೂಮಿಗೆ ಬೀಗ ಜಡಿದು, ಕೀಲಿಯನ್ನು ರುದ್ರಪ್ಪ ಮೇಷ್ಟ್ರು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿದ್ದರು.

"ಮಕ್ಳು ಮುಟ್ಬುಟ್ರೆ ಆಳಾಗೋಯ್ತದೆ ಕಣಮ್ಮ."

"ಸಾರ್, ಅದು ಇರೋದೇ ಮುಟ್ಟೋಕೆ."

"ಅದ್ಕೇ ಬೀಗ ಆಕಿರೋದು."

ನಾನು ಮೂರು ದಿನ ಅವರ ಹಿಂದೆ ಬಿದ್ದೆ. ಕೊನೆಗೆ ಮಗಳ ಸೈನಿನ ವಿಷಯ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ನಕ್ಕರು, ಆಮೇಲೆ ಗಂಭೀರವಾಗಿ ಕೀಲಿ ಬಿಚ್ಚಿದರು.

ಪರೀಕ್ಷೆಯ ದಿನ ಹಾಸನದಿಂದ ಪರೀಕ್ಷಕಿ ಬಂದರು. ದಪ್ಪ ಕನ್ನಡಕ, ನಗದ ಮುಖ, ಮೊಣಕಾಲಿನ ಮೇಲೆ ನನ್ನ ಪಾಠ ಯೋಜನೆ. ಅವರು ಹಿಂದಿನ ಬೆಂಚಿನಲ್ಲಿ ಕೂರುವಷ್ಟರಲ್ಲಿ ಮೇಷ್ಟ್ರು ಒಂದು ಬಟ್ಟಲು ಹಿಡಿದು ಒಳಗೆ ಬಂದರು. "ಮೊದುಲ್ನೇ ಸಲ ಆನ್ ಮಾಡ್ತಿದ್ದೀವಿ, ಅಂಗೇ ಮಾಡಕ್ಕಾಯ್ತದಾ?" ಅಂತ ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಬೋರ್ಡಿನ ಮೇಲುಭಾಗಕ್ಕೆ ಉದ್ದಕ್ಕೆ ಎಳೆದರು. ಮೂಲೆಯ ಫ್ರೇಮಿಗೆ ಒಂದು ಸೇವಂತಿಗೆ ಸಿಕ್ಕಿಸಿದರು. ಮಕ್ಕಳು ಕೈ ಮುಗಿದವು. ಆ ಹೊತ್ತಿಗೆ ನಾನೂ ಮುಗಿದೆ.

ಹತ್ತು ಗಂಟೆಗೆ ಸರಿಯಾಗಿ ಬೋರ್ಡು ಬೆಳಗಿತು. ತಂತಿಯ ಮೇಲೆ ಒದ್ದೆ ಬಟ್ಟೆಯ ಚಿತ್ರ. "ಮಕ್ಕಳೇ, ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಏನಾಗುತ್ತದೆ?"

"ಒಣಗ್ತದೆ ಮಿಸ್."

ಆಹಾ, ಕಾಲಂ ಪ್ರಕಾರ! ಎರಡನೆಯ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಸ್ಲೈಡು ತಾನಾಗಿ ಮುಂದಕ್ಕೆ ಹೋಯಿತು. ಹಿಂದಕ್ಕೆ ತಂದೆ. ಮತ್ತೆ ಹೋಯಿತು. ಆಮೇಲೆ ನಾಲ್ಕು ನಾಲ್ಕು ಒಟ್ಟಿಗೆ ಹೋಗತೊಡಗಿದವು. ಮೋಡ, ಸಮುದ್ರ, ಮೌಲ್ಯಮಾಪನ, ಮನೆಗೆಲಸ, ಎಲ್ಲ ಗಿರಗಿರ ತಿರುಗುತ್ತ ಬಂದು 'ಧನ್ಯವಾದಗಳು' ಅಂತ ನಿಂತಿತು. ಜೋರು ಚಪ್ಪಾಳೆ. ಮಕ್ಕಳೂ ಚಪ್ಪಾಳೆ ತಟ್ಟಿ, ಎದ್ದು ನಿಂತು, ರಾಗವಾಗಿ "ಥ್ಯಾಂಕ್ಯೂ ಮಿಸ್" ಅಂದು ಬ್ಯಾಗು ತಗುಲಿಸಿಕೊಂಡವು. ಪಾಠ ಶುರುವಾಗಿ ನಾಲ್ಕು ನಿಮಿಷ. ಪರೀಕ್ಷಕಿ ವಾಚು ನೋಡಿಕೊಂಡರು.

ಫ್ಯಾನಿನ ಗಾಳಿಗೆ ಸೇವಂತಿಗೆ ಅಲ್ಲಾಡಿ ಗಾಜನ್ನು ಮುಟ್ಟುತ್ತಿತ್ತು, ಬೋರ್ಡು ಅದನ್ನೇ ಬೆರಳು ಅಂದುಕೊಂಡಿತ್ತು ಅಂತ ನಮಗೆ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಆ ಗಳಿಗೆಯಲ್ಲಂತೂ ಮೇಷ್ಟ್ರು "ಓಲ್ಟೇಜು! ಓಲ್ಟೇಜು!" ಅಂತ ಓಡಿ ಬಂದು ಬೋರ್ಡಿನ ಪ್ಲಗ್ಗನ್ನೇ ಕಿತ್ತುಬಿಟ್ಟರು. ಇಪ್ಪತ್ತಾರು ಸ್ಲೈಡು ಕರ್ರಗಾಯಿತು.

ಮಕ್ಕಳನ್ನು ಕೂರಿಸಿದೆ. "ಸರಿ, ಒದ್ದೆ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?"

"ತೊಟ್ಟಿಕ್ತು ಮಿಸ್."

"ಚೆನ್ನಾಗಿ ಹಿಂಡಿ ಹಾಕಿದರೆ?"

"ನಮ್ಮವ್ವ ಇಂಡಾಕಿಲ್ಲ ಮಿಸ್, ಸ್ವಂಟ ನೋವು."

"ಬೇರೆಯವರು ಹಿಂಡಿದರು ಅಂದುಕೋ. ಆಮೇಲೆ?"

"ನನ್ ಯೂನಿಫಾರ್ಮ್ ಆದ್ರೆ ಎಮ್ಮೆ ಅಗುದ್ಬುಡ್ತು ಮಿಸ್!"

ಹತ್ತು ಏಳು ಆಯಿತು. ಹತ್ತು ಹನ್ನೆರಡು ಆಯಿತು. ಆವಿ ಬರಲಿಲ್ಲ. ಒಂದೇ ಒಂದು ಪದ ಕಣ್ರೀ, ನನ್ನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿದೆ, ನಾನು ಉಗುಳಿದರೆ ಅಂಕ ಹೋಗುತ್ತದೆ. ಕಣ್ಣು ತುಂಬಿ ಬಂತು. ಕಿತ್ತ ಪ್ಲಗ್ಗು ನೋಡುವ ನೆಪದಲ್ಲಿ ತಿರುಗಿಕೊಂಡು ಸೆರಗಲ್ಲಿ ಒತ್ತಿಕೊಂಡೆ. ಆಗ ಮೊದಲ ಬೆಂಚಿನ ಭೂಮಿಕಾ ಬೋರ್ಡಿನ ಕಡೆ ಬೆರಳು ತೋರಿಸಿದಳು.

"ಮಿಸ್, ಈಬೂತಿ ಬೆಳ್ಳಗಾಯ್ತಾ ಐತೆ."

"ಸುಮ್ನಿರು" ಅನ್ನಲು ಬಾಯಿ ತೆರೆದಿದ್ದೆ. ನಿಜ ಹೇಳುತ್ತೇನೆ, ಅವಳ ಮಾತಿಗೆ ನನ್ನಲ್ಲಿ ಕಾಲಂ ಇರಲಿಲ್ಲ. ಆದರೆ ನೋಡಿದೆ. ಹಚ್ಚಿದಾಗ ಮಾಸಲಾಗಿ, ಕಂಡೂ ಕಾಣದ ಹಾಗಿದ್ದ ಮೂರು ಗೆರೆ, ಕರೀ ಗಾಜಿನ ಮೇಲೆ ಒಂದು ತುದಿಯಿಂದ ಬೆಳ್ಳಗಾಗುತ್ತ ಬರುತ್ತಿತ್ತು. ವಿಭೂತಿ ಧರಿಸುವ ಮನೆಯ ಮಕ್ಕಳಿಗೆಲ್ಲ ಗೊತ್ತು, ಹಸಿಯಿದ್ದಾಗ ಕಾಣುವುದಿಲ್ಲ, ಆರಿದ ಮೇಲೆ ಎದ್ದು ಕಾಣುತ್ತದೆ.

"ಆಗ ಯಾಕೆ ಬೆಳ್ಳಗಿರಲಿಲ್ಲ?"

"ಆಗ ನೆಂದಿತ್ತು ಮಿಸ್. ಈಗ ಒಣಗೈತೆ."

"ನೀರು ಕೆಳಗೆ ತೊಟ್ಟಿಕ್ಕಿತಾ?"

"ಇಲ್ಲ."

"ಎಮ್ಮೆ ಬಂದಿತ್ತಾ?"

ಕ್ಲಾಸು ಘೊಳ್ಳೆಂದಿತು. ಭೂಮಿಕಾ ನಗಲಿಲ್ಲ. ಗೆರೆಯನ್ನೇ ನೋಡುತ್ತ, "ಗಾಳಿಗ್ ಓಯ್ತು ಮಿಸ್. ಇಡ್ಲಿ ಪಾತ್ರೆಯಿಂದ ಓಯ್ತದಲ್ಲ, ಅಂಗೇ. ಇದು ಕಾಣಾಕಿಲ್ಲ ಅಷ್ಟೇ. ಆವಿ ಕಣ್ ಮಿಸ್, ಆವಿ!" ಅಂದಳು.

ಹತ್ತು ಹತ್ತೊಂಬತ್ತು. ನನಗೆ ಮುಖ ಅರಳಿಸುವ ನಟನೆ ಬೇಕಾಗಲಿಲ್ಲ.

ಆಮೇಲಿನದು ನನಗೂ ಸರಿಯಾಗಿ ನೆನಪಿಲ್ಲ. ಮಕ್ಕಳು ಬೆರಳು ಒದ್ದೆ ಮಾಡಿಕೊಂಡು ಬಂದು ಆ ಗಾಜಿನ ಮೇಲೆ ಗೆರೆ ಎಳೆದವು, ಹೆಸರು ಬರೆದವು, ಎಮ್ಮೆ ಬರೆದವು. ಫ್ಯಾನ್ ಹಾಕಿದರೆ ಎಷ್ಟು ಬೇಗ ಆರುತ್ತದೆ, ನಿಲ್ಲಿಸಿದರೆ ಎಷ್ಟು ಹೊತ್ತು ಅಂತ ಒಂದು, ಎರಡು ಎಣಿಸಿದವು. ಅಷ್ಟು ವರ್ಷ ಬೀಗದೊಳಗಿದ್ದ ಸ್ಮಾರ್ಟ್ ಬೋರ್ಡನ್ನು ಮಕ್ಕಳು ಮೊದಲ ಸಲ ಮುಟ್ಟಿದ್ದು ಅವತ್ತೇ, ಅದೂ ಅದು ಆಫ್ ಆಗಿದ್ದಾಗ. ಮೇಷ್ಟ್ರ ಮುಖ ನೋಡುವ ಹಾಗಿತ್ತು. ಕೈ ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ. ಕೊನೆಗೆ ತಾವೂ ಬೆರಳು ಅದ್ದಿದರು.

ಪಾಠ ಮುಗಿದ ಮೇಲೆ ಪರೀಕ್ಷಕಿ ಕೇಳಿದರು. "ಆ ವಿಭೂತಿ ನಿಮ್ಮ ಯೋಜನೇಲಿ ಇತ್ತಾ?"

"ಹೌದು ಮೇಡಂ, ಅದು ನನ್ನ ಬೋಧನೋಪಕರಣ" ಅಂದೆ. ಕಣ್ಣು ಮಿಟುಕಿಸದೆ. ಪೋಸ್ಟು ಕಣ್ಣ ಮುಂದಿತ್ತು ನೋಡಿ.

"ಇಲ್ಲ ಮೇಡಂ," ಭೂಮಿಕಾ ಎದ್ದು ನಿಂತಳು. ಸುಳ್ಳು ಹೇಳುವವರನ್ನು ಕಂಡರೆ ಅವಳಿಗಾಗದು ಅಂತ ಕಾಣುತ್ತದೆ. "ಮೇಷ್ಟ್ರು ಪೂಜೆ ಮಾಡಿದ್ದು ಅದು. ಮಿಸ್ಸು ಆ ಕಡೆ ತಿರುಕ್ಕಂಡು ಅಳ್ತಿದ್ರು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪರೀಕ್ಷಕಿ ನನ್ನನ್ನು ನೋಡಿದರು, ಭೂಮಿಕಾಳನ್ನು ನೋಡಿದರು, ಪೆನ್ನು ತೆಗೆದು ನನ್ನ 'ನಿರೀಕ್ಷಿತ ಉತ್ತರ' ಕಾಲಂಗೆ ಉದ್ದಕ್ಕೆ ಗೀಟು ಹಾಕಿದರು. ಮುಗಿಯಿತು ಅಂದುಕೊಂಡೆ. "ಸುಳ್ಳು ಹೇಳಿದ್ದಕ್ಕೆ ಎರಡು ಅಂಕ ಕಳೀತೀನಿ. ಈಗ ಇಲ್ಲೇ ಕೂತು, ಮಕ್ಕಳು ನಿಜವಾಗಿ ಏನು ಹೇಳಿದ್ರೋ ಅದನ್ನ ಪಕ್ಕದಲ್ಲಿ ಬರೀರಿ. ಒಂದೂ ಬಿಡಬಾರದು" ಅಂದರು. ಬರೆದೆ. ತೊಟ್ಟಿಕ್ಕಿತು, ಸೊಂಟ ನೋವು, ಎಮ್ಮೆ ಅಗಿದುಬಿಟ್ಟಿತು. ಎಮ್ಮೆಯ ಹತ್ತಿರ ಬಂದಾಗ ಆ ನಗದ ಮುಖವೂ ನಕ್ಕಿತು. ಕೆಳಗೆ ಸಹಿ ಹಾಕಿದರು. ಪಾಸಾದೆ.

ಈಗ ನಾನು ನಮ್ಮೂರಿನ ಆ ಶಾಲೆಯಲ್ಲಿಯೇ ಮೇಡಂ. ಎಲ್ಲ ಕ್ಲಾಸಿಗೂ ಬೋರ್ಡಿದೆ, ಯಾವುದಕ್ಕೂ ಬೆಡ್‌ಶೀಟ್ ಇಲ್ಲ. ಫೋನಿನಲ್ಲಿ ಪಾಠದ ಹೆಸರು ಒತ್ತಿದರೆ ಪಾಠ ಯೋಜನೆಯನ್ನೂ ಅದೇ ಬರೆದುಕೊಡುತ್ತದೆ, ಮಕ್ಕಳ ಉತ್ತರ ಸಮೇತ. ಕಾಪಿ ಮಾಡಿ ಆಫೀಸಿಗೆ ಕೊಟ್ಟುಬಿಡುತ್ತೇನೆ, ಮುಚ್ಚಿಡುವುದೇನಿದೆ. ಹೋದ ವಾರ ಹಾಗೇ ಸ್ಲೈಡು ಹಾಕಿಕೊಂಡು, ಬೆವರು ಆರಿದರೆ ಮೈ ತಣ್ಣಗಾಗುತ್ತದೆ ಅಂತ ಹೇಳುತ್ತಿದ್ದೆ. ಒಬ್ಬಳು ಕೇಳಿದಳು, "ಮಿಸ್, ಅಂಗಾರೆ ಬಟ್ಟೆ ಒಣಗುವಾಗ ತಂತಿನೂ ತಣ್ಣಗಾಯ್ತದಾ?"

ಫೋನು ಕೊಟ್ಟ ಯೋಜನೆಯಲ್ಲಿ ಅದಿರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. "ಗೊತ್ತಿಲ್ಲ ಕಣೇ. ನಡೀರಿ ನೋಡೋಣ" ಅಂದೆ.

ಬಿಸಿಯೂಟದ ಅಡುಗೆಮನೆಯ ಹಿಂದೆ, ಅಡುಗೆಯ ಜಯಮ್ಮ ಒರೆಸುವ ಬಟ್ಟೆ ಒಣಹಾಕಿದ್ದಳು. ಮೂವತ್ತೆಂಟು ಮಕ್ಕಳು ಸರದಿ ನಿಂತು ತಂತಿ ಮುಟ್ಟಿದವು. ಅರ್ಧ ಜನ ತಣ್ಣಗೆ ಅಂದರು, ಅರ್ಧ ಜನ ಬಿಸಿ ಅಂದರು, ಜಗಳ ಹತ್ತಿತು. ಜಯಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಏನ್ ಮೇಡಂ, ನನ್ ಮಸಿಬಟ್ಟೆ ಸುತ್ತ ನಿಂತ್ಕಂಡು ಏನ್ ದರ್ಸನ ಮಾಡ್ತಾ ಇದ್ದೀರಿ?"

"ನೀನೇ ಮುಟ್ಟಿ ಹೇಳು ಜಯಮ್ಮ, ತಣ್ಣಗಿದೆಯಾ, ಬಿಸಿ ಇದೆಯಾ?"

ಅವಳು ಒಂದು ಬೆರಳಿಟ್ಟು ತೆಗೆದಳು. "ಒಲೆ ಮುಂದೆ ನಿಂತಿದ್ ಕೈಗೆ ಎಲ್ಲಾ ತಣ್ಣಗೇ. ನನ್ ಕೇಳ್ಬ್ಯಾಡಿ."

"ಅದ್ಯಾಕೆ ಮಿಸ್?" ಅಂತ ನಾಲ್ಕೈದು ದನಿ ಒಟ್ಟಿಗೆ ಎದ್ದವು. ಒಳಗೆ ನನ್ನ ಸ್ಲೈಡು ಖಾಲಿ ಬೆಂಚುಗಳಿಗೆ ಬೆಳಗುತ್ತಲೇ ಇತ್ತು. ಯಾರಾದರೂ ಹೋಗಿ ಆಫ್ ಮಾಡಿ ಬನ್ನಿ ಅಂದರೆ ಒಬ್ಬರೂ ಕದಲಲಿಲ್ಲ. ನಾನೂ ಕದಲಲಿಲ್ಲ.