ಡಾಕ್ಟ್ರೂ ಅಲ್ಲ, ಸಿಸ್ಟರೂ ಅಲ್ಲ

ಪಿಯುಸಿ ಮುಗಿಯುವ ಮೊದಲೇ ನಾನು ಡಾಕ್ಟರಾಗುವುದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದ್ದು ನಮ್ಮಪ್ಪ. ಬೂಕನಕೆರೆ ಹತ್ತಿರದ ನಮ್ಮೂರ ಡೈರಿಯ ಮುಂದೆ ಹಾಲು ಹಾಕಲು ನಿಲ್ಲುವ ಸಾಲೇ ಅಪ್ಪನ ವಿಧಾನಸಭೆ. ಅಲ್ಲಿ ಈ ವಿಷಯ ಮಂಡಿಸಿ, ತಾನೇ ಅನುಮೋದಿಸಿ, ಎಲ್ಲರ ಕೈಲೂ ಭೇಷ್ ಅನ್ನಿಸಿಕೊಂಡು ಬಂದಿದ್ದ. ಪ್ರವೇಶ ಪರೀಕ್ಷೆ ನಡೆಸುವವರಿಗೆ ಮಾತ್ರ ಈ ತೀರ್ಮಾನವನ್ನು ಯಾರೂ ತಿಳಿಸಿರಲಿಲ್ಲ. ಕೆ.ಆರ್. ಪೇಟೆಯ ಸೈಬರ್ ಅಂಗಡಿಯವನು ನನ್ನ ರ‍್ಯಾಂಕು ನೋಡಿ, "ಗುರು, ಈ ನಂಬರ್‌ಗೆ ಫೋನ್ ಮಾಡಿದ್ರೆ ಯಾರಾದ್ರೂ ಎತ್ಕೋತಾರೆ" ಅಂದ.

ನನ್ನ ಪಾಲಿಗೆ ಉಳಿದದ್ದು ಬಿ.ಎಸ್ಸಿ. ನರ್ಸಿಂಗ್. ಅಪ್ಪನಿಗೆ ಹೇಳಿದಾಗ ಅವನು ಹಸುವಿನ ಮೈ ತೊಳೆಯುತ್ತಿದ್ದ.

"ನರ್ಸಾ? ಅದು ಎಣ್ಮಕ್ಳು ಮಾಡೋದಲ್ವೇನ್ಲಾ?"

"ಗಂಡುಸ್ರೂ ಮಾಡ್ತಾರೆ ಕಣಪ್ಪ."

"ಆಸ್ಪತ್ರೆ ಒಳಗೇ ತಾನೆ ಕೆಲ್ಸ?"

"ಊಂ."

"ಬಿಳೀ ಬಟ್ಟೆ?"

"ಊಂ."

"ಸೂಜಿ ಚುಚ್ತೀಯಾ?"

"ಚುಚ್ತೀನಿ."

ಅಪ್ಪ ಹಸುವಿನ ಬೆನ್ನ ಮೇಲೆ ಒಂದು ಚೊಂಬು ನೀರು ಸುರಿದು ಹೇಳಿದ: "ಅಂಗಾರೆ ಡಾಕ್ಟ್ರೇ ಬುಡು."

ಹೀಗೆ ನಮ್ಮಪ್ಪ ನನಗೆ ವೈದ್ಯ ಪದವಿ ದಯಪಾಲಿಸಿದ ಮೇಲೆ ನಾನು ಪಾಂಡವಪುರದ ಕಾಲೇಜಿಗೆ ನರ್ಸಿಂಗ್ ಕಲಿಯಲು ಹೋದೆ.

ಕ್ಲಾಸಿನ ತುಂಬ ಹುಡುಗಿಯರು. ಹುಡುಗರೆಲ್ಲ ಸೇರಿದರೆ ಒಂದು ಬೆಂಚು. ನನ್ನ ಪಕ್ಕದ ರೋಲ್ ನಂಬರಿನವಳು ಶ್ರೀರಂಗಪಟ್ಟಣದ ಮುಸ್ಲಿಂ ಹುಡುಗಿ. ಅವಳ ಅಬ್ಬಾ ಗೂಡ್ಸ್ ಆಟೋ ಓಡಿಸುತ್ತಿದ್ದರು. ನರ್ಸ್ ಆಗಬೇಕೆಂದು ಏಳನೇ ಕ್ಲಾಸಿನಿಂದಲೇ ಕನಸು ಕಂಡಿದ್ದ ಏಕೈಕ ಪ್ರಾಣಿ ಅವಳು. ಉಳಿದ ನಾವೆಲ್ಲ ಬೇರೆ ಎಲ್ಲೋ ಹೊರಟು ಇಲ್ಲಿ ಇಳಿದವರು. ರೋಲ್ ನಂಬರಿನ ದೆಸೆಯಿಂದ ನಾಲ್ಕು ವರ್ಷವೂ ಅವಳೇ ನನ್ನ ಜೋಡಿ. ಅದು ನನಗೆ ಪುಣ್ಯ, ಅವಳಿಗೆ ಹೆಚ್ಚುವರಿ ಕೆಲಸ.

ಮೊದಲ ಸೆಮಿಸ್ಟರಿನಲ್ಲಿ ರೋಗ ಗುಣಪಡಿಸುವುದನ್ನು ಕಲಿಸುತ್ತಾರೆಂದುಕೊಂಡಿದ್ದೆ. ಹಾಸಿಗೆ ಹಾಸುವುದನ್ನು ಕಲಿಸಿದರು. ರೋಗಿ ಇಲ್ಲದಾಗ ಒಂದು ಥರ, ರೋಗಿ ಮಲಗಿರುವಾಗಲೇ ಇನ್ನೊಂದು ಥರ, ಆಪರೇಷನ್ ಆಗಿ ಬರುವವರಿಗೆ ಮತ್ತೊಂದು ಥರ, ಮೂಳೆ ಮುರಿದವರಿಗೆ, ಹೃದಯದ ತೊಂದರೆಯವರಿಗೆ ಬೇರೆ ಬೇರೆ. ದುಪ್ಪಟಿಯ ಮೂಲೆಯನ್ನು ಲಕೋಟೆಯ ಹಾಗೆ ಮಡಚಬೇಕು. ಮಡಿಕೆ ಸಡಿಲವಾದರೆ ನಮ್ಮ ಮೇಡಂ ಇಡೀ ಹಾಸಿಗೆ ಕಿತ್ತೆಸೆದು, "ಇದರ ಮೇಲೆ ನಿಮ್ಮಮ್ಮನ್ನ ಮಲಗಿಸ್ತೀಯಾ?" ಎಂದು ಕೇಳುತ್ತಿದ್ದರು. ನಮ್ಮಮ್ಮ ಚಾಪೆಯ ಮೇಲೆ ಮಲಗುತ್ತಾಳೆ, ಸೊಂಪಾಗಿ ನಿದ್ದೆ ಮಾಡುತ್ತಾಳೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ನಮ್ಮ ಮೊದಲ ರೋಗಿ ಪ್ಲಾಸ್ಟಿಕ್ಕಿನ ಗೊಂಬೆ. ಅದಕ್ಕೆ ದಿನಾ ಸ್ನಾನ ಮಾಡಿಸುತ್ತಿದ್ದೆವು, ಹಲ್ಲುಜ್ಜಿಸುತ್ತಿದ್ದೆವು, ತಲೆ ಬಾಚುತ್ತಿದ್ದೆವು. ಪ್ರತಿ ಕೆಲಸಕ್ಕೂ ಮುಂಚೆ, "ನಮಸ್ಕಾರ, ನಾನು ನಿಮ್ಮ ಸ್ಟೂಡೆಂಟ್ ನರ್ಸ್, ಈಗ ನಿಮಗೆ ಮೈ ಒರೆಸುತ್ತೇನೆ, ನಿಮ್ಮ ಒಪ್ಪಿಗೆ ಇದೆಯಾ?" ಎಂದು ಅದರ ಅನುಮತಿ ಕೇಳಬೇಕು. ಅದು ಒಂದು ದಿನವೂ ಬೇಡ ಅನ್ನಲಿಲ್ಲ. ಅಷ್ಟು ಒಳ್ಳೆಯ ರೋಗಿ ಮುಂದೆ ನನಗೆ ಎಲ್ಲೂ ಸಿಗಲಿಲ್ಲ.

ರಜೆಗೆ ಊರಿಗೆ ಹೋದರೆ ಅಲ್ಲಿ ನನ್ನ ಪ್ರಾಕ್ಟೀಸು ಆಗಲೇ ಶುರುವಾಗಿಬಿಟ್ಟಿತ್ತು. ಅಪ್ಪನ ಪ್ರಚಾರದ ಫಲ. ಮಂಡಿ ನೋವಿನವರು, ಮಲಬದ್ಧತೆಯವರು, ಸೊಸೆಯ ಮೇಲೆ ದೂರಿದ್ದವರು, ಎಲ್ಲರೂ ಜಗುಲಿಗೆ ಬಂದು ಕೂರುತ್ತಿದ್ದರು. ಒಂದು ಭಾನುವಾರ ಪಕ್ಕದ ಮನೆಯ ದೊಡ್ಡಪ್ಪ ಬಂದು, "ಬಾರ್ಲಾ ಮಗ, ನಮ್ಮಸ ಯಾಕೋ ಮಂಕಾಗದೆ" ಅಂದರು.

"ದೊಡ್ಡಪ್ಪ, ನಾನು ಓದ್ತಿರೋದು ಮನುಷ್ರುದು."

"ಮಾತಾಡೋ ಮನುಷ್ರನ್ನೇ ನೋಡೋನ್ಗೆ ಸುಮ್ಕೆ ನಿಂತಿರೋ ಅಸ ನೋಡಕ್ಕಾಗಲ್ವಾ?"

ಹೊಸದಾಗಿ ಕೊಂಡಿದ್ದ ಥರ್ಮಾಮೀಟರು ತಗೊಂಡು ಹೋದೆ. ಅದನ್ನು ಎಲ್ಲಿ ಇಡಬೇಕೆಂಬುದನ್ನು ದೊಡ್ಡಪ್ಪನೇ ಬಾಲ ಎತ್ತಿ ತೋರಿಸಿಕೊಟ್ಟರು. ನೂರೊಂದು ಡಿಗ್ರಿ ದಾಟಿತ್ತು. ನಾನು ಗಂಭೀರವಾಗಿ, "ಜ್ವರ ಐತೆ" ಎಂದೆ. ಹಸುವಿಗೆ ಒದ್ದೆ ಗೋಣಿಚೀಲ ಹೊದಿಸಲು ಹೇಳಿದೆ. ಸಂಜೆ ಪಶು ಡಾಕ್ಟರು ಬೈಕಿನಲ್ಲಿ ಬಂದು, ಆರೋಗ್ಯವಾಗಿರುವ ಹಸುವಿನ ಮೈಶಾಖವೇ ಅಷ್ಟು ಎಂದು ತಿಳಿಸಿ, ಗೋಣಿಚೀಲ ತೆಗೆಸಿ, ಹೊಟ್ಟೆ ಉಬ್ಬರಕ್ಕೆ ಔಷಧಿ ಕುಡಿಸಿ ಹೋದರು. ಊರಿನಲ್ಲಿ ನನ್ನ ಹೆಸರೇನೂ ಕೆಡಲಿಲ್ಲ. "ಎಲ್ಲಾ ಡಾಕ್ಟ್ರೂ ಒಂದೇ ಥರ ಯೋಳ್ತಾರಾ?" ಎಂದು ದೊಡ್ಡಪ್ಪ ನನ್ನ ಪರವಾಗಿಯೇ ಮಾತಾಡಿದರು. ಥರ್ಮಾಮೀಟರನ್ನು ಮಾತ್ರ ನಾನು ತಿಪ್ಪೆಗೆ ಹಾಕಿದೆ.

ಎರಡನೇ ವರ್ಷ ನಿಜವಾದ ವಾರ್ಡಿಗೆ ಪೋಸ್ಟಿಂಗ್ ಹಾಕಿದರು. ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು ಬಸ್ಸು ಹತ್ತಿದರೆ ಕಂಡಕ್ಟರು ಕೂಡ, "ಡಾಕ್ಟ್ರೇ, ಮುಂದೆ ಬನ್ನಿ" ಅನ್ನುತ್ತಿದ್ದ. ನನ್ನ ಜೊತೆಗಾತಿಗೆ ಅದೇ ಬಟ್ಟೆ, ಅದೇ ಬ್ಯಾಡ್ಜು, ನನಗಿಂತ ಹೆಚ್ಚು ಮಾರ್ಕ್ಸು. ಅವಳಿಗೆ, "ಸಿಸ್ಟರ್, ವಸಿ ಬ್ಯಾಗ್ ಒಳಕ್ಕೆಳ್ಕೊಳಿ."

ವಾರ್ಡಿನಲ್ಲಿ ಮೊದಲ ವಾರ ನಾನು ಕಲಿತ ವಿದ್ಯೆ ಸಿಲಿಂಡರ್ ಉರುಳಿಸುವುದು. ಆಕ್ಸಿಜನ್ ಸಿಲಿಂಡರ್ ಬಂದರೆ, ಸ್ಟ್ರೆಚರ್ ಕೆಟ್ಟರೆ, ಬೀರು ಜರುಗಿಸಬೇಕಾದರೆ, "ಬಾಯ್ಸ್ ಎಲ್ಲಿ?" ಎಂಬ ಕೂಗು. ಪುಸ್ತಕದಲ್ಲಿ ಶುಶ್ರೂಷೆ ಎಂಬುದು ಒಂದು ಕಲೆ ಮತ್ತು ವಿಜ್ಞಾನ ಎಂದಿತ್ತು. ನನಗೆ ಸಿಕ್ಕಿದ್ದು ಹಮಾಲಿ ಭಾಗ.

ಒಂದು ಬೆಳಗ್ಗೆ ಲೇಡಿ ಡಾಕ್ಟರು ರೌಂಡ್ಸಿಗೆ ಬಂದರು. ಚಿಕ್ಕ ವಯಸ್ಸು, ಕೊರಳಲ್ಲಿ ಸ್ಟೆತಾಸ್ಕೋಪು. ಕೆಮ್ಮಿಗೆ ದಾಖಲಾಗಿದ್ದ ಒಬ್ಬ ಅಜ್ಜನನ್ನು ಅವರು ಬಹಳ ಹೊತ್ತು ಪರೀಕ್ಷೆ ಮಾಡಿ, ಬೀಡಿ ಎಷ್ಟು, ಕಫ ಎಂಥದು ಎಂದೆಲ್ಲ ಕೇಳಿದರು. ನಾನು ಪಕ್ಕದಲ್ಲಿ ಕಿಡ್ನಿಯಾಕಾರದ ಟ್ರೇ ಹಿಡಿದು ನಿಂತಿದ್ದೆ. ಅಜ್ಜ ಎಲ್ಲಕ್ಕೂ ಉತ್ತರ ಕೊಟ್ಟು ನನ್ನ ಕಡೆ ತಿರುಗಿದರು.

"ಡಾಕ್ಟ್ರೇ, ಈ ಸಿಸ್ಟ್ರು ಆಗ್ಲಿಂದ ಬರೀ ಪ್ರಶ್ನೆ ಕೇಳ್ತಾವ್ರೆ. ನೀವಾದ್ರೂ ಔಸ್ದಿ ಬರ್ಕೊಡಿ."

ಲೇಡಿ ಡಾಕ್ಟರು ಪೆನ್ನು ನನ್ನ ಕಡೆ ಚಾಚಿದರು. "ಬರ್ಕೊಡಿ ಡಾಕ್ಟ್ರೇ."

"ತಾತ, ಡಾಕ್ಟ್ರು ಅವ್ರು. ನಾನು ನರ್ಸಿಂಗ್ ಓದ್ತಿದೀನಿ" ಎಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಯ್ಯೋ ಅನ್ನಿಸಿರಬೇಕು, "ಓಗ್ಲಿ ಬುಡಪ್ಪ, ಇನ್ನೂ ವಯಸ್ಸೈತೆ, ಇನ್ನೊಂದ್ಸಲ ಪರೀಕ್ಸೆ ಬರಿ" ಎಂದು ಸಮಾಧಾನ ಹೇಳಿದರು.

ಇದರ ಜೊತೆಗೆ ಕೇರ್ ಪ್ಲಾನ್ ಎಂಬ ಸಾಹಿತ್ಯ ಪ್ರಕಾರವೊಂದಿತ್ತು. ರೋಗಿಯ ಕಷ್ಟವನ್ನು ರೋಗಿಗೇ ಅರ್ಥವಾಗದ ಹಾಗೆ ಬರೆಯುವುದು ಅದರ ಲಕ್ಷಣ. ಒಬ್ಬಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಕಾರಣ, ಪಕ್ಕದ ಮಂಚದವರ ಅಳಿಯ ಜೋರಾಗಿ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿದ್ದ. ನಾನು ಹೋಗಿ, "ಅಣ್ಣ, ವಸಿ ಸೌಂಡ್ ಕಮ್ಮಿ ಮಾಡು" ಅಂದೆ. ಕಮ್ಮಿ ಮಾಡಿದ, ಅಮ್ಮ ಮಲಗಿದರು. ಇದನ್ನು ನಾನು, "ಪರಿಸರದ ಪ್ರಚೋದನೆಗಳಿಗೆ ಸಂಬಂಧಿಸಿದ ನಿದ್ರಾ ವಿನ್ಯಾಸದ ಅಡಚಣೆ" ಎಂದು ಇಂಗ್ಲಿಷಿನಲ್ಲಿ ಮೂರು ಪುಟ ಬರೆದೆ. ಮೇಡಂ ಅದನ್ನು ತಿರುವಿ ಹಾಕಿ, "ಸೌಂಡ್ ಕಡಿಮೆ ಮಾಡಿದ್ರೆ ನಿದ್ದೆ ಬರುತ್ತೆ ಅನ್ನೋದಕ್ಕೆ ಯಾವ ಪುಸ್ತಕದ ಆಧಾರ?" ಎಂದು ಕೇಳಿದರು.

ಮೂರನೇ ವರ್ಷ ಹೆರಿಗೆ ವಾರ್ಡು. ಹುಡುಗರೆಲ್ಲ ಮುಖ ಒಣಗಿಸಿಕೊಂಡಿದ್ದರೆ ನಾನು ಮಾತ್ರ ಎದೆಯುಬ್ಬಿಸಿಕೊಂಡು ತಿರುಗಿದೆ. "ನಮ್ಮನೇಲಿ ಅಸ ಈಯೋವಾಗ ಎಷ್ಟು ಕರ ಎಳ್ದಿದೀನಿ ಗೊತ್ತಾ?" ಎಂದು ಬಸ್ಸಿನಲ್ಲೇ ಭಾಷಣ ಬಿಗಿದೆ. ನನ್ನ ಜೊತೆಗಾತಿ, "ಮಾಷಾ ಅಲ್ಲಾ, ಹಾಗಾದ್ರೆ ಇವತ್ತು ನೀನೇ ಮುಂದೆ ನಿಂತ್ಕೋ" ಅಂದಳು.

ಮುಂದೆ ನಿಂತೆ. ಮಗುವಿನ ತಲೆ ಕಾಣುತ್ತಿದ್ದ ಹಾಗೆ ಗೋಡೆಯ ಬಿಳಿ ಟೈಲ್ಸುಗಳೆಲ್ಲ ಒಂದರೊಳಗೊಂದು ಕರಗತೊಡಗಿದವು. ಕಣ್ಣು ಬಿಟ್ಟಾಗ ನಾನು ಕಾರಿಡಾರಿನ ಬೆಂಚಿನ ಮೇಲಿದ್ದೆ, ಕಾಲು ಮೇಲೆ, ತಲೆ ಕೆಳಗೆ. ಯಾರದೋ ಅತ್ತೆ ನನ್ನ ಮುಖಕ್ಕೆ ನೀರು ಚಿಮುಕಿಸುತ್ತ, "ಪಾಪ, ಇವ್ರದೇ ಮಗಾನಾ?" ಎಂದು ವಿಚಾರಿಸುತ್ತಿದ್ದರು.

ಹೆರಿಗೆ ವಾರ್ಡಿನ ಸಿಸ್ಟರು ನಾಗಮಂಗಲದ ಕಡೆಯವರು. ದಪ್ಪ ದನಿ, ಸಣ್ಣ ತಾಳ್ಮೆ. ಬಾಗಿಲಲ್ಲಿ ನಿಂತು, "ಕರ ಎಳ್ದಿದೀನಿ ಅಂದ್ಯಂತೆ? ಅಸ ಎಲ್ಲಪ್ಪ?" ಎಂದರು. ಇಡೀ ಕಾರಿಡಾರು ನಕ್ಕಿತು. ಜೊತೆಗಾತಿ ಗ್ಲುಕೋಸ್ ಕಲಸಿ ತಂದುಕೊಟ್ಟು, ಕುಡಿದು ಮುಗಿಸುವವರೆಗೂ ನಗು ತಡೆದುಕೊಂಡಿದ್ದು, ಆಮೇಲೆ ನಕ್ಕಳು.

ಅಲ್ಲಿಂದ ಮುಂದೆ ಬೇರೆ ತಾಪತ್ರಯ. ಕೋರ್ಸ್ ಮುಗಿಯಬೇಕಾದರೆ ನಾವೇ ಹೆರಿಗೆ ಮಾಡಿಸಿರಬೇಕು. ಆದರೆ ಆ ಮೊದಲ ದಿನ ಬಿಟ್ಟರೆ ಯಾವ ಮನೆಯವರೂ ಗಂಡು ಹುಡುಗನನ್ನು ಒಳಗೆ ಬಿಡುತ್ತಿರಲಿಲ್ಲ. ಬಿಡಬೇಕೆಂದೂ ಇಲ್ಲ, ಅದು ಅವರ ಹಕ್ಕು. ಹಾಗಾಗಿ ನಾನು ಪರದೆಯ ಹೊರಗೆ ನಿಂತು ಹತ್ತಿ ಉಂಡೆ ಕಟ್ಟಿದೆ, ಟ್ರೇ ಜೋಡಿಸಿದೆ, ಸಿಲಿಂಡರಂತೂ ಇದ್ದೇ ಇತ್ತು. ಜೊತೆಗಾತಿ ಒಂದಾದ ಮೇಲೊಂದು ಹೆರಿಗೆ ಮಾಡಿಸಿ ಹೊರಬಂದು, "ಗಂಡು", "ಹೆಣ್ಣು" ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲ ಮಂಚಗಳೂ ತುಂಬಿ, ಎಲ್ಲರ ಕೈಯೂ ಕಟ್ಟಿಹೋಗಿತ್ತು. ಶೀಳನೆರೆ ಕಡೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದ ಹೆಂಗಸು ಸೊಂಟ ಹಿಡಿದುಕೊಂಡು ಕೂಗುತ್ತಿದ್ದಳು. ಅವಳ ತಾಯಿ ತಲೆ ನೇವರಿಸುತ್ತ ನಿಂತಿದ್ದರು. ಗಂಡ ಟೀ ಕುಡಿಯಲು ಹೋದವನು ಟೀ ತೋಟದಲ್ಲೇ ಉಳಿದುಬಿಟ್ಟ ಹಾಗಿತ್ತು. ಸಿಸ್ಟರು ಇನ್ನೊಂದು ಮಂಚದಿಂದಲೇ ಕೂಗಿದರು: "ಲೇ, ಕರದ ಡಾಕ್ಟ್ರೇ! ಬಂದು ಆಯಮ್ಮಂಗೆ ಬೆನ್ನು ತಿಕ್ಕು."

ತಾಯಿ ಅಡ್ಡ ನಿಂತರು. "ಗಂಡುಡ್ಗ ಬ್ಯಾಡ ಕಣವ್ವ."

ಮಗಳು ಹಲ್ಲು ಕಚ್ಚಿಕೊಂಡೇ ಅಬ್ಬರಿಸಿದಳು: "ಅವ್ವೋ, ಯಾರಾದ್ರೂ ಆಗ್ಲಿ, ಮೊದ್ಲು ತಿಕ್ಲಿ!"

ತಿಕ್ಕಿದೆ. ಸೊಂಟದ ಕೆಳಗೆ ಅಂಗೈ ಬುಡ ಒತ್ತಿ, ನೋವು ಬಂದಾಗ ಬಿಗಿಯಾಗಿ, ಹೋದಾಗ ಹಗುರಾಗಿ. ಅದನ್ನು ಗೊಂಬೆಯ ಮೇಲೆ ಮಾಡಿದ್ದೆ, ಆದರೆ ಗೊಂಬೆ ಯಾವತ್ತೂ, "ಅಲ್ಲಲ್ಲ, ಇನ್ನೂ ಕೆಳಿಕ್ಕೆ, ಊಟ ಮಾಡಿಲ್ವಾ ನೀನು?" ಎಂದು ಬೈದಿರಲಿಲ್ಲ. ನೋವು ಬಂದಾಗಲೆಲ್ಲ ಅವಳು ನನ್ನ ಇನ್ನೊಂದು ಕೈಯನ್ನು ಹಿಂಡುತ್ತಿದ್ದಳು. ನನ್ನ ಬೆರಳು ಮುರಿಯುತ್ತವೆ ಅನ್ನಿಸಿತು. ಕೇರ್ ಪ್ಲಾನಿನಲ್ಲಿ ನರ್ಸಿನ ನೋವಿಗೆ ಕಾಲಮ್ಮು ಇಲ್ಲ. ಸ್ವಲ್ಪ ಹೊತ್ತಿಗೆ ತಾಯಿಯೇ ನನ್ನ ಉಸ್ತುವಾರಿ ವಹಿಸಿಕೊಂಡರು. "ಇಂಗಲ್ಲ ಮಗ, ಸುತ್ತ ತಿಕ್ಕು. ಆಂ, ಅಂಗೆ."

ಹೊತ್ತು ಬಂದಾಗ ಸಿಸ್ಟರು ಓಡಿಬಂದರು. ಗ್ಲೌಸ್ ಹಾಕಿಕೊಳ್ಳುತ್ತ ತಾಯಿ ಮಗಳಿಬ್ಬರನ್ನೂ ಕೇಳಿದರು: "ನಾನು ಪಕ್ಕದಲ್ಲೇ ಇರ್ತೀನಿ. ಮಗೀನ ಈ ಉಡ್ಗ ಇಡ್ಕಳ್ಲಾ?" ಮಗಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ತಲೆಯಾಡಿಸಿದಳು. ತಾಯಿ, "ಇಷ್ಟೊತ್ತು ತಿಕ್ಕವ್ನೆ, ಇಡ್ಕಳ್ಲಿ ಬುಡಿ" ಎಂದರು.

ಸಿಸ್ಟರ ಕೈ ನನ್ನ ಕೈಯ ಮೇಲಿತ್ತು. "ಅವಸರ ಬ್ಯಾಡ. ಎಳೀಬ್ಯಾಡ. ತಾನೇ ಬತ್ತದೆ, ನೀನು ದಾರಿ ಕೊಡು ಅಷ್ಟೆ." ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆಯಾ ಎಂದು ಬೆರಳಿಂದ ನೋಡಿದೆ, ಇರಲಿಲ್ಲ. ಒಂದು ಭುಜ, ಇನ್ನೊಂದು ಭುಜ, ಆಮೇಲೆ ಇಡೀ ಮಗು ಬಿಸಿಯಾಗಿ, ಜಾರುತ್ತ, ನನ್ನ ಎರಡು ಕೈಗಳಲ್ಲಿ. ಅದು ಅಳಲಿಲ್ಲ. "ಒರ್ಸು, ಬೆನ್ನು ಒರ್ಸು!" ಎಂದರು ಸಿಸ್ಟರು. ಹೆತ್ತವಳ ಹೊಟ್ಟೆಯ ಮೇಲೆ ಮಲಗಿಸಿ ಬಟ್ಟೆಯಿಂದ ಗಸಗಸ ಒರೆಸಿದೆ. ಮಗು ಮುಖ ಕಿವುಚಿ, ಇಷ್ಟೊಂದು ತಿಕ್ಕುವುದು ಯಾಕೆ ಎಂಬಂತೆ, ಕಿರುಚಿತು.

ಹೆಣ್ಣು ಮಗು. ಎಲ್ಲ ಮುಗಿದ ಮೇಲೆ ಅಜ್ಜಿಯಾದವರು ನನ್ನ ಹತ್ತಿರ ಬಂದು, "ನಿನ್ ಕೈ ನಡುಗ್ತಿತ್ತು" ಅಂದರು.

"ಊಂ ಕಣವ್ವ."

"ನಡುಗುದ್ರೂ ಕೈ ಬುಡ್ಲಿಲ್ವಲ್ಲ, ಬುಡು."

ನಾನು ಉಪಕರಣ ಕುದಿಸುವ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತೆ. ಜೊತೆಗಾತಿ ಅಲ್ಲಿಗೂ ಬಂದಳು.

"ಯಾ ಅಲ್ಲಾ, ಅಳ್ತಿದೀಯಾ?"

"ಫಿನಾಯಿಲ್ ವಾಸ್ನೆ."

"ಹೌದಾ? ಒಳ್ಳೇ ಫಿನಾಯಿಲ್" ಎಂದು ತನ್ನ ಕರ್ಚೀಫು ಕೊಟ್ಟಳು. ಆ ದಿನ ಅವಳು ನಗಲಿಲ್ಲ.

ಮರುದಿನ ಆ ಹೆರಿಗೆಯ ವಿವರವನ್ನು ಮೇಡಂಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, ಕನ್ನಡಕ ತೆಗೆದು, ಮಾರ್ಜಿನ್ನು ಪೆನ್ಸಿಲಿನಲ್ಲಿ ಹಾಕಿಲ್ಲವೆಂದು ವಾಪಸು ಕೊಟ್ಟರು.

ಕೋರ್ಸ್ ಮುಗಿಯಿತು. ಜೊತೆಗಾತಿ ಮೈಸೂರಿನಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ದೊಡ್ಡ ದೊಡ್ಡ ಸರ್ಜನ್ನುಗಳು ಅವಳು ಕೊಡುವ ಕತ್ತರಿಗೆ ಕೈ ಚಾಚಿ ನಿಲ್ಲುತ್ತಾರೆ. ಹೆರಿಗೆ ವಾರ್ಡಿಗೆ ಹಾಕಿ ಎಂದು ನಾನು ಕೇಳಿಕೊಂಡೆ, ಕೆಲಸ ಕೊಟ್ಟವರು ಜೋಕು ಎಂದುಕೊಂಡು ನಕ್ಕರು. ಈಗ ನಾನು ನಾಗಮಂಗಲದಲ್ಲಿ ಡಯಾಲಿಸಿಸ್ ವಿಭಾಗದಲ್ಲಿದ್ದೇನೆ. ಡೈರಿಯ ಸಾಲಿನಲ್ಲಿ ಅಪ್ಪ ನನಗೆ ಕಿಡ್ನಿ ಸ್ಪೆಷಲಿಸ್ಟ್ ಎಂದು ಬಡ್ತಿ ಕೊಟ್ಟಿದ್ದಾನೆ. ಸಂಬಳ ಮಾತ್ರ ಬಡ್ತಿಯ ಸುದ್ದಿ ಕೇಳಿಲ್ಲ.

ಇಲ್ಲಿಗೆ ವಾರ ವಾರವೂ ಬರುವವರಲ್ಲಿ ತೆಂಗಿನ ತೋಟದ ಯಜಮಾನರೊಬ್ಬರಿದ್ದಾರೆ. ಕಿಡ್ನಿ ಕೆಟ್ಟವರು ಎಳನೀರು ಮುಟ್ಟಬಾರದು, ಅದರಲ್ಲಿರುವ ಪೊಟ್ಯಾಷಿಯಂ ಹೃದಯವನ್ನೇ ನಿಲ್ಲಿಸಿಬಿಡಬಹುದು. ಮೊದಲ ದಿನ ನಾನು ಇದನ್ನು ಹೇಳಿದಾಗ, "ಜೀವ್ಮಾನೆಲ್ಲಾ ಎಳ್ನೀರ್ ಬೆಳ್ದೋನ್ಗೆ ಬಂದು ಯೋಳ್ತೀಯಲ್ಲ" ಎಂದು ಮುಖ ತಿರುಗಿಸಿಕೊಂಡಿದ್ದರು. ಮಷೀನಿನ ಪಕ್ಕ ಕೂತು ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ, ಬೈಸಿಕೊಂಡು, ಮತ್ತೆ ಹೇಳಿ, ಅಂತೂ ಬಿಡಿಸಿದೆ.

ಹೋದ ವಾರ ಅವರು ಮಗನ ಬೈಕಿನಲ್ಲಿ ಒಂದು ಗೊನೆ ಎಳನೀರು ತರಿಸಿದರು. ನಾನು ಓಡಿಹೋಗಿ ಗೊನೆಗೆ ಕೈ ಅಡ್ಡ ಹಿಡಿದೆ. "ಯಜಮಾನ್ರೇ, ಏನಿದು?"

"ನನ್ಗಲ್ಲ ಕಣಯ್ಯ, ನಿಮ್ಗೆಲ್ಲ. ಕೆತ್ತಿಸ್ಕೊಂಡು ಕುಡೀರಿ."

ಡ್ಯೂಟಿ ಮುಗಿದ ಮೇಲೆ ವರಾಂಡಕ್ಕೆ ಬಂದೆ. ಅವರು ಡಯಾಲಿಸಿಸ್ ಮುಗಿಸಿಕೊಂಡು, ತೋಳಿನ ಬ್ಯಾಂಡೇಜು ಒತ್ತಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಮಗ ಒಂದು ಕಾಯಿ ಕೆತ್ತಿ ನನ್ನ ಕೈಗೆ ಕೊಟ್ಟ. ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಸೀಯಾಗೈತಾ?"

"ಐತೆ."

"ಮನೆ ಬುಡದ ಮರದ್ದು. ನಿಧಾನಕ್ಕೆ ಕುಡಿ, ಗಟಗಟ ಅನ್ಬ್ಯಾಡ" ಎಂದು ಗದರಿದರು. ಮಗ ಇನ್ನೊಂದು ಕಾಯಿ ಕೆತ್ತತೊಡಗಿದ.