ಸಪ್ಪಲಮ್ಮನ ಸೊಂಟದಲ್ಲಿ ಒಂದು ಜೊತೆ ಕೆಂಪು ಟೇಪು

ಗಾಂಧಿ ಬಜಾರಿನಲ್ಲಿ ಕೋಳಿ ಕೂಗುವುದಿಲ್ಲ, ಹೂವಿನವರು ಕೂಗುತ್ತಾರೆ. ಗೌರಿ ಹಬ್ಬ ಹತ್ತಿರ ಬಂದಿದೆ. ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ, ಆಗಲೇ ರಸ್ತೆಯ ತುಂಬ ಸೇವಂತಿಗೆ. ಅಷ್ಟನ್ನೂ ಒಂದು ಕಡೆ ಸುರಿದರೆ ದೊಡ್ಡ ಬಸವಣ್ಣನ ಕೊಂಬೂ ಕಾಣಿಸಲಿಕ್ಕಿಲ್ಲ. ಆ ರಾಶಿಗಳ ನಡುವೆ ಸೆರಗು ಬಿಗಿದು, ಬಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಸಪ್ಪಲಮ್ಮ ಬರುತ್ತಿದ್ದಾರೆ. ಹೂ ಕೊಳ್ಳುವುದಕ್ಕಲ್ಲ. ಹೂವಿನ ಹಿಂದೆ ಅಡಗಿ ಕೂತ ಮಕ್ಕಳನ್ನು ಹಿಡಿಯುವುದಕ್ಕೆ.

ಸಪ್ಪಲಮ್ಮ ಹತ್ತಿರದ ಸರ್ಕಾರಿ ಶಾಲೆಯ ಆಯಾ. ಗುಡಿಸುವುದು, ನೀರು ತುಂಬುವುದು, ಬೆಲ್ ಹೊಡೆಯುವುದು ಸಂಬಳದ ಕೆಲಸ. ಬಾರದ ಮಕ್ಕಳನ್ನು ಕರೆತರುವುದು ಯಾರೂ ಹೇಳದೆ ಹೊತ್ತುಕೊಂಡ ಕೆಲಸ. ಮಗು ಬಂದಿಲ್ಲವೆಂದು ಟೀಚರ್ ಫೋನ್ ಮಾಡಿದರೆ ಹಬ್ಬದ ದಿನಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಜ್ವರ ಎನ್ನುತ್ತಾರೆ. ಶ್ರಾವಣ, ಭಾದ್ರಪದದಲ್ಲಿ ಈ ಬಜಾರಿನ ಮಕ್ಕಳಿಗೆ ಬರುವಷ್ಟು ಜ್ವರ ಬೆಂಗಳೂರಿನ ಆಸ್ಪತ್ರೆಗಳನ್ನೆಲ್ಲ ಸೇರಿಸಿದರೂ ಸಿಗದು.

ಸಪ್ಪಲಮ್ಮ ಬೈಯುವುದಿಲ್ಲ. ಚೀಲದಿಂದ ಬಾಚಣಿಗೆ, ಕೊಬ್ಬರಿ ಎಣ್ಣೆ, ಕೆಂಪು ಟೇಪು ತೆಗೆಯುತ್ತಾರೆ. ಹುಡುಗಿಯನ್ನು ಫುಟ್‌ಪಾತಿನ ಮೇಲೆ ಕೂರಿಸಿ, ಎರಡು ಜಡೆ ಹೆಣೆದು, ಮಡಚಿ ಕಿವಿಯ ಹತ್ತಿರ ಕಟ್ಟುತ್ತಾರೆ. ಆ ಬಾಚಣಿಗೆ ಬರುತ್ತಿದೆ ಅಂದರೆ ಬಸವನಗುಡಿಯ ಹೇನುಗಳೆಲ್ಲ ಜಯನಗರಕ್ಕೆ ಮನೆ ಬದಲಾಯಿಸುತ್ತವೆ. ಗಂಡು ಹುಡುಗರಾದರೆ ಒಂದು ಸೌಟು ಎಣ್ಣೆ ಸುರಿದು ಬೈತಲೆ ತೆಗೆದುಬಿಡುತ್ತಾರೆ. ಹಾಗೆ ಮಿಂಚುವ ತಲೆ ಹೊತ್ತುಕೊಂಡು ಬೀದಿಯಲ್ಲಿ ಕ್ರಿಕೆಟ್ ಆಡಲು ನಾಚಿಕೆ, ಸ್ಕೂಲಿಗೇ ಓಡುತ್ತಾರೆ.

“ಜಡೆ ಹಾಕಿದ್ ಮೇಲೆ ಯಾವ್ ತಾಯಿಗೂ ಮಗೂನ ಕೂರಿಸ್ಕೊಳ್ಳೋಕಾಗಲ್ಲ,” ಎನ್ನುತ್ತಾರೆ. “ಹೋಗೋರ್ ಬರೋರೆಲ್ಲ ಕೇಳ್ತಾರಲ್ಲ, ಯಾಕಮ್ಮ ಸ್ಕೂಲಿಗ್ ಹೋಗ್ಲಿಲ್ವಾ ಅಂತ. ಎಷ್ಟ್ ಜನಕ್ಕೆ ಅಂತ ಸುಳ್ಳು ಹೇಳ್ತಾರೆ, ಪಾಪ.”

ಅವರು ಹುಟ್ಟಿದ್ದು ಚಾಮರಾಜಪೇಟೆಯಲ್ಲಿ, ಸೊಪ್ಪು ಮಾರುವವರ ಮನೆಯಲ್ಲಿ. ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಗೆ ಕಣ್ಣು ಮಂಜಾಯಿತು, ಸೊಪ್ಪಿನ ಬುಟ್ಟಿ ಇವರ ತಲೆಗೆ ಬಂತು. ಮುಂದೆ ಮದುವೆ. ಗಂಡ ಮುನಿರಾಜ್ ತರಕಾರಿ ಗಾಡಿ ತಳ್ಳುತ್ತಿದ್ದವರು, ಬೇಗ ಹೋದರು. ಮಕ್ಕಳಾಗಲಿಲ್ಲ. ಸ್ಕೂಲು ಬಿಟ್ಟ ದಿನಗಳ ಬಗ್ಗೆ ಕೇಳಿದರೆ ಬಾಚಣಿಗೆಯ ಹಲ್ಲು ಒರೆಸುತ್ತ ಹೇಳುತ್ತಾರೆ: “ಒಂದ್ ವಾರ ಬಾಗ್ಲ ಕಡೆ ನೋಡಿದೆ. ಯಾರಾದ್ರೂ ಬಂದು ‘ಬಾರೇ’ ಅಂತಾರೇನೋ ಅಂತ. ಬರ್ಲಿಲ್ಲ. ಆಮೇಲೆ ನೋಡೋದ್ ಬಿಟ್ಟೆ.”

ಇಷ್ಟು ತಲೆ ಬಾಚಿದ ಕೈಗೆ ಈಗ ಒಂದು ತಲೆ ಸಿಗುತ್ತಿಲ್ಲ. ಸೇವಂತಿಗೆ ಮಾರುವ ಮುನಿಯಕ್ಕನ ಮಗಳು, ಏಳನೇ ಕ್ಲಾಸಿನ ಶಶಿರೇಖಾ. ಅವಳ ಕೂದಲು ಎಷ್ಟು ದಟ್ಟವೆಂದರೆ ಬಾಚಣಿಗೆ ಒಳಗೆ ಹೋದರೆ ದಾರಿ ಕೇಳಿಕೊಂಡು ಹೊರಗೆ ಬರಬೇಕು. ಒಂದನೇ ಕ್ಲಾಸಿನಿಂದಲೂ ಅದನ್ನು ಪಳಗಿಸಿದ್ದು ಸಪ್ಪಲಮ್ಮನೇ.

ಆಷಾಢದ ಕೊನೆಯಲ್ಲಿ ಅವಳು ಮೈನೆರೆದಳು. ಆರತಿಗೆ ಸಪ್ಪಲಮ್ಮ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿಕೊಂಡು ಹೋದರು. ಸುಮ್ಮನೆ ಆರತಿ ಎತ್ತಿ ಬರಬಹುದಿತ್ತು. ಕೈ ಕೇಳಬೇಕಲ್ಲ. ಮಲ್ಲಿಗೆ ಮೊಗ್ಗು ಪೋಣಿಸಿ, ಸೊಂಟದವರೆಗೆ ಇಳಿಯುವ ಒಂಟಿ ಮೊಗ್ಗಿನ ಜಡೆಯನ್ನು ತಾವೇ ಹಾಕಿದರು. ನೆರೆದ ಹೆಂಗಸರೆಲ್ಲ ಕೆನ್ನೆ ಮುಟ್ಟಿ ನೆಟಿಗೆ ಮುರಿದರು. ಇನ್ನು ಇವಳು ದೊಡ್ಡವಳು, ಎರಡು ಜಡೆ ಕಟ್ಟಿಕೊಂಡು ಚಿಕ್ಕ ಮಕ್ಕಳ ಜೊತೆ ಕುಣಿಯುವುದೆಲ್ಲ ಮುಗಿಯಿತು ಎಂದರು. ಹುಡುಗಿ ಕನ್ನಡಿ ನೋಡಿಕೊಂಡಳು, ನಂಬಿದಳು. ಅವತ್ತಿನಿಂದ ಒಂಟಿ ಜಡೆ, ಅಮ್ಮನ ಪಕ್ಕ ಹೂವಿನ ಬುಟ್ಟಿ. ಸಪ್ಪಲಮ್ಮ ಬಾಚಣಿಗೆ ತೆಗೆದರೆ ಸಾಕು, ಜಡೆಯನ್ನು ಮುಂದಕ್ಕೆಳೆದು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ.

“ಸ್ಕೂಲಿಗ್ ಎಳ್ಕೊಂಬಂದಿದ್ದು ಇದೇ ಕೈ, ಮನೇಲಿ ಕೂರಿಸಿದ್ದೂ ಇದೇ ಕೈ,” ಎನ್ನುತ್ತಾರೆ ಸಪ್ಪಲಮ್ಮ. ಅವಳ ಟೇಪುಗಳನ್ನು ಮಾತ್ರ ಚೀಲಕ್ಕೆ ಹಾಕುವುದಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ, ಎಲೆಅಡಿಕೆಯ ಪಕ್ಕ.

ಹೆಡ್ ಮೇಡಂ ಗಿರಿಜಾಂಬಾ ಕೆಟ್ಟವರಲ್ಲ. ಒಂಟಿ ಜಡೆಯಲ್ಲೇ ಬರಲಿ, ಯಾರೂ ಏನೂ ಅನ್ನದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಆದರೆ ದಸರಾ ರಜೆಯ ಒಳಗೆ ಬಾರದಿದ್ದರೆ ಶಾಲೆ ಬಿಟ್ಟವಳೆಂದು ಬರೆಯಲೇಬೇಕು. ಆ ಮಾತು ಕೇಳಿದಾಗಿನಿಂದ ಸಪ್ಪಲಮ್ಮ ಹೂವಿನ ಸಾಲಿಗೆ ಇನ್ನೂ ಬೇಗ ಬರುತ್ತಿದ್ದಾರೆ. ಒಂದು ದಿನ ಸೂರ್ಯನೇ ಅವರನ್ನು ಕಂಡು, ತಡವಾಯಿತೆಂದು ಗಾಬರಿಬಿದ್ದನಂತೆ.

ಈ ಬೆಳಿಗ್ಗೆಯೂ ಮುನಿಯಕ್ಕನ ಬುಟ್ಟಿಯ ಮುಂದೆ ಕೂರುತ್ತಾರೆ. ಮುನಿಯಕ್ಕನಿಗೆ ಮಂಡಿ ನೋವು, ಎದ್ದು ಓಡಾಡಿ ಮಾರಲು ಮಗಳು ಬೇಕು. ಒಂಟಿ ಜಡೆಯ ಮಾತು ಹೇಳಿದರೂ ಅವರು ಮುಖ ಎತ್ತದೆ ಹೂವಿಗೆ ನೀರು ಚಿಮುಕಿಸುತ್ತಾರೆ.

“ಹಬ್ಬ ಮುಗೀಲಿ ಕಣಕ್ಕ, ನೋಡಣ.”

“ವರಮಹಾಲಕ್ಷ್ಮಿಗೂ ಇದನ್ನೇ ಅಂದೆ. ನಿನ್ ಹಬ್ಬ ಮುಗಿಯೋಷ್ಟರಲ್ಲಿ ಇವಳ ಮೊಮ್ಮಕ್ಳು ಸ್ಕೂಲ್ ಮುಗಿಸಿರ್ತಾರೆ.”

ಮುನಿಯಕ್ಕನಿಗೆ ನಗು ಬರುತ್ತದೆ. ಯಾರೋ ಗಿರಾಕಿ ಮಾರಿಗೆಷ್ಟು ಎಂದು ಕೇಳುತ್ತಾರೆ, ಅವರು ಅತ್ತ ತಿರುಗುತ್ತಾರೆ. ಸಪ್ಪಲಮ್ಮ ಏಳಲು ನೆಲಕ್ಕೆ ಕೈ ಊರುತ್ತಾರೆ. ಬೆಲ್ ಹೊಡೆಯುವ ಹೊತ್ತಾಗುತ್ತಿದೆ.

ಆಗ ಶಶಿರೇಖಾ ತಲೆ ತಗ್ಗಿಸಿಕೊಂಡೇ, ಹೂವಿಗೆ ಹೇಳುವವಳ ಹಾಗೆ ಕೇಳುತ್ತಾಳೆ: “ಆಯಮ್ಮ, ಕಿಟಕಿ ಪಕ್ಕ ನನ್ ಜಾಗದಲ್ಲಿ ಈಗ ಯಾರ್ ಕೂರ್ತಾರೆ?”

ಸಪ್ಪಲಮ್ಮನ ಕೈ ಸೊಂಟದ ಟೇಪಿನ ಮೇಲೆ ಹೋಗುತ್ತದೆ. ತೆಗೆಯುವುದಿಲ್ಲ.

“ಯಾರೂ ಇಲ್ಲ ಕಣವ್ವ. ದಿನಾ ಗುಡಿಸಾದ್ಮೇಲೆ ನಾನೇ ಒಂದ್ ಗಳಿಗೆ ಕೂತಿರ್ತೀನಿ. ನೀನ್ ಬಂದ್ರೆ ಎದ್ದುಬಿಡ್ತೀನಿ.”